ನಾಲ್ಕಕ್ಷರದ ಡೊಮೇನ್ ಹೆಸರು ಕೊಂಡವರ ಅನುಭವ: ಒಂದು ನೋಂದಣಿ ಸೇವೆ ಮತ್ತು ಟ್ರೇಡ್‌ಮಾರ್ಕ್ ಶೋಧ ಸೇವೆಯ ವಿಮರ್ಶೆ

ಶಿರಸಿ ಸೀಮೆಯ ಜೇನು ಕೃಷಿಕರ ನಮ್ಮ ಗುಂಪಿಗೆ ಜಾಲತಾಣವೊಂದು ಬೇಕೆಂಬ ಮಾತು ಬಂದಾಗ ಎದುರಾದ ಮೊದಲ ತೊಡಕು ಹೆಸರಿನ ಉದ್ದದ್ದು. ಗುಂಪಿನ ಪೂರ್ಣ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಜೇನಿನ ಸೀಸೆಯ ಲೇಬಲ್ಲಿನ ಮೇಲೆ ಅದು ಕೂರುತ್ತಿರಲಿಲ್ಲ. ಹಾಗಾಗಿ ನಾಲ್ಕು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಒಂದು ಹ್ರಸ್ವನಾಮ ಮಾಡಿ, ಮಾಸಿಕ ಸಭೆಯಲ್ಲಿ ಠರಾವು ಬರೆದು, ಆ ನಾಲ್ಕಕ್ಷರಗಳ ಡಾಟ್ ಇನ್ ಹೆಸರನ್ನು ಒಂದು ಡೊಮೇನ್ ನೋಂದಣಿ ಕಂಪನಿಯ ಮೂಲಕ ಕೊಂಡೆವು. ನಾಲ್ಕು ತಿಂಗಳ ನಂತರ ಬೇರೆ ರಾಜ್ಯದ ಆಹಾರ ಕಂಪನಿಯೊಂದರ ವಕೀಲರಿಂದ ನೋಟಿಸ್ ಬಂತು. ಆ ನಾಲ್ಕು ತಿಂಗಳಲ್ಲಿ ನಾವು ಬಳಸಿದ ಸೇವೆಯನ್ನೂ, ಮೊದಲೇ ಬಳಸಬೇಕಾಗಿದ್ದು ಕೊನೆಗೆ ಬಳಸಿದ ಇನ್ನೊಂದು ಸೇವೆಯನ್ನೂ ಇಲ್ಲಿ ವಿಮರ್ಶಿಸುತ್ತಿದ್ದೇನೆ. ನೋಂದಣಿ ಕಂಪನಿಯ ಹೆಸರನ್ನಾಗಲಿ, ನೋಟಿಸ್ ಕೊಟ್ಟವರ ಹೆಸರನ್ನಾಗಲಿ, ಆ ನಾಲ್ಕು ಅಕ್ಷರಗಳನ್ನಾಗಲಿ ಬರೆಯುವುದಿಲ್ಲ. ಆ ವಿವಾದ ಈಗ ಸೌಹಾರ್ದದಿಂದ ಮುಗಿದಿದೆ, ಮತ್ತು ನನ್ನ ಆಕ್ಷೇಪ ಒಂದು ಕಂಪನಿಯ ಮೇಲಲ್ಲದೆ ಈ ಮಾರಾಟ ನಡೆಯುವ ರೀತಿಯ ಮೇಲಿದೆ.

ನೋಂದಣಿ ಸೇವೆಯಲ್ಲಿ ಒಳ್ಳೆಯದೇನಿದೆಯೋ ಅದನ್ನು ಮೊದಲು ಹೇಳಬೇಕು. ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರಗಳನ್ನು ತುಂಬಿದ ಕ್ಷಣದಲ್ಲೇ ಉತ್ತರ ಬಂತು. ಒಂದು ವರ್ಷದ ದರ ಸಾವಿರ ರೂಪಾಯಿಗಿಂತ ಕಡಿಮೆಯಿತ್ತು, ಯುಪಿಐ ಮೂಲಕ ಹಣ ಕಟ್ಟಿದ ಹತ್ತು ನಿಮಿಷದೊಳಗೆ ಹೆಸರು ನಮ್ಮ ಖಾತೆಯಲ್ಲಿತ್ತು. ಸರ್ವರಿನ ವಿಳಾಸಗಳನ್ನು ಬದಲಿಸುವ ಪುಟ ಸರಳವಾಗಿದೆ, ಮಿಂಚಂಚೆ ಹೊಂದಿಸಲು ಗ್ರಾಹಕ ಸೇವೆಯವರು ತಾಳ್ಮೆಯಿಂದ ನೆರವಾದರು. ತಾಂತ್ರಿಕ ಕೆಲಸ ಎಂದಷ್ಟೇ ನೋಡಿದರೆ ಈ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆದರೆ ಆ ಪುಟದಲ್ಲಿ ಹಸಿರು ಬಣ್ಣದಲ್ಲಿ ಕಾಣುವ ‘ಲಭ್ಯವಿದೆ’ ಎಂಬ ಪದ ನಮ್ಮಂಥವರನ್ನು ದಾರಿ ತಪ್ಪಿಸುತ್ತದೆ. ಅದರ ಅರ್ಥ ಇಷ್ಟೇ: ಆ ಅಕ್ಷರಗಳನ್ನು ಆ ವಿಸ್ತರಣೆಯಡಿ, ಅಂದರೆ ಡಾಟ್ ಇನ್, ಡಾಟ್ ಕಾಮ್‌ನಂಥ ಕೊನೆಯ ಭಾಗದಡಿ, ಈ ಹೊತ್ತಿನವರೆಗೆ ಬೇರಾರೂ ನೋಂದಾಯಿಸಿಕೊಂಡಿಲ್ಲ. ಅವುಗಳನ್ನು ವ್ಯಾಪಾರಕ್ಕೆ ಬಳಸುವ ಹಕ್ಕು ನಮಗಿದೆಯೇ ಎಂಬ ಪ್ರಶ್ನೆಯನ್ನು ಆ ಪುಟ ಕೇಳುವುದೂ ಇಲ್ಲ, ಉತ್ತರಿಸುವುದೂ ಇಲ್ಲ. ನಾವು ಓದದೆ ಒಪ್ಪಿಗೆಯ ಗುರುತು ಹಾಕಿದ ಕರಾರಿನಲ್ಲಿ ಮಾತ್ರ ಆ ಪ್ರಶ್ನೆ ಇತ್ತು. ಈ ನೋಂದಣಿಯಿಂದ ನನಗೆ ತಿಳಿದಮಟ್ಟಿಗೆ ಮೂರನೆಯವರ ಯಾವ ಹಕ್ಕಿಗೂ ಧಕ್ಕೆಯಾಗುವುದಿಲ್ಲ, ಹಾಗೆ ಆಗುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ನನ್ನದೇ ಎಂದು ಅದರಲ್ಲಿ ಕೊಳ್ಳುವವರಿಂದ ಹೇಳಿಕೆ ಪಡೆಯಲಾಗುತ್ತದೆ. ಇದು ಒಂದು ಕಂಪನಿಯ ಚತುರತೆಯಲ್ಲ. ಡಾಟ್ ಕಾಮ್‌ನಂಥ ಹೆಸರುಗಳಿಗೆ, ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್ 1999ರಲ್ಲಿ ಅಂಗೀಕರಿಸಿದ ಏಕರೂಪ ವಿವಾದ ಪರಿಹಾರ ನೀತಿಯ, ಅಂದರೆ ಯುಡಿಆರ್‌ಪಿಯ, ಎರಡನೆಯ ಕಲಮು ಇದನ್ನೇ ಹೇಳುತ್ತದೆ. ಮೋಜಣಿಯಾಗದ ಜಮೀನನ್ನು ಕ್ರಯಕ್ಕೆ ಪಡೆದು, ಗಡಿಯ ಜವಾಬ್ದಾರಿ ನನ್ನದೇ ಎಂದು ಬರೆದುಕೊಟ್ಟಂತೆ ನಾವು ನಡೆದುಕೊಂಡಿದ್ದೆವು.

ಎರಡನೆಯ ದೋಷ ಇನ್ನೂ ಗಂಭೀರವಾದದ್ದು. ಮಳೆಗಾಲದಲ್ಲಿ ಜೇನುಪೆಟ್ಟಿಗೆಗಳ ಆರೈಕೆಯಲ್ಲಿ ತೊಡಗಿದ್ದ ನಾವು ಜಾಲತಾಣದ ಕೆಲಸವನ್ನು ಮುಂದೂಡಿದ್ದೆವು. ಆ ಅವಧಿಯಲ್ಲಿ ನಮ್ಮ ವಿಳಾಸ ಖಾಲಿ ಇರಲಿಲ್ಲ: ನೋಂದಣಿ ಕಂಪನಿಯ ವ್ಯವಸ್ಥೆ ತಾನಾಗಿಯೇ ಅಲ್ಲೊಂದು ಜಾಹೀರಾತಿನ ಪುಟವನ್ನು ಇಟ್ಟಿತ್ತು. ಜೇನು, ಜಾಮ್, ಬೆಲ್ಲ ಮಾರುವ ಬೇರೆ ಕಂಪನಿಗಳ ಕೊಂಡಿಗಳು ಅದರಲ್ಲಿದ್ದವು, ಯಾರಾದರೂ ಒತ್ತಿದರೆ ಬರುವ ಹಣವೂ ನಮ್ಮದಲ್ಲ. ಆದರೂ ಇಂಥ ನೀತಿಗಳಡಿ ಡೊಮೇನ್ ದೂರುಗಳನ್ನು ತೀರ್ಮಾನಿಸುವ ವಿವಾದ ಮಂಡಳಿಗಳ ಮುಂದೆ ಆ ಪುಟದ ಹೊಣೆ ಸಾಮಾನ್ಯವಾಗಿ ಹೆಸರಿನ ಒಡೆಯನದೇ. ‘ಅದು ತಾನಾಗಿ ಬಂದ ಜಾಹೀರಾತು, ನನಗೆ ಲಾಭವಿಲ್ಲ’ ಎಂಬ ಸಮಜಾಯಿಷಿಯನ್ನು ಅವು ಒಪ್ಪುವುದು ಕಡಿಮೆ. ಟ್ರೇಡ್‌ಮಾರ್ಕ್ ಇರುವವರ ಸರಕಿಗೆ ಪೈಪೋಟಿಯಾದ ಸರಕಿನ ಜಾಹೀರಾತು ಅಲ್ಲಿದ್ದರೆ ಅದೇ ದುರುದ್ದೇಶದ ಸಾಕ್ಷ್ಯವಾಗಿಬಿಡಬಹುದು. ನಮಗೆ ಬಂದ ನೋಟಿಸಿನ ಜೊತೆ ಲಗತ್ತಿಸಿದ್ದ ಮೊದಲ ದಾಖಲೆಯೇ ಆ ಪುಟದ ಚಿತ್ರವಾಗಿತ್ತು. ಖಾತೆಯ ಒಳಪುಟದಲ್ಲಿ ಆ ಜಾಹೀರಾತನ್ನು ನಿಲ್ಲಿಸುವ ಗುಂಡಿಯೊಂದಿದೆ ಎಂದು ನಮಗೆ ತಿಳಿದದ್ದು ಅನಂತರ. ಹೆಸರು ಕೊಂಡ ದಿನವೇ ಅದನ್ನು ಒತ್ತಬೇಕು.

ಇಲ್ಲಿ ಹ್ರಸ್ವನಾಮಗಳ ವಿಶೇಷವನ್ನು ಸ್ವಲ್ಪ ವಿವರಿಸಬೇಕು. ಇಂಗ್ಲಿಷ್‌ನ 26 ಅಕ್ಷರಗಳಿಂದ ಮೂರಕ್ಷರದ 17,576 ಜೋಡಣೆಗಳಾಗುತ್ತವೆ, ನಾಲ್ಕಕ್ಷರದವು 4,56,976. ಜಗತ್ತಿನಲ್ಲಿರುವ ಕಂಪನಿ, ಸಂಘ, ಶಾಲೆ, ನಿಗಮಗಳ ಸಂಖ್ಯೆಗೆ ಹೋಲಿಸಿದರೆ ಇದು ಬಹಳ ಸಣ್ಣ ರಾಶಿ, ಆದ್ದರಿಂದ ಒಂದೇ ಮೊದಲಕ್ಷರಗಳನ್ನು ಹತ್ತಾರು ಜನ ಪ್ರಾಮಾಣಿಕವಾಗಿಯೇ ತಲುಪುತ್ತಾರೆ. ಟ್ರೇಡ್‌ಮಾರ್ಕ್ ಕಾಯಿದೆಗೆ ಇದು ದೊಡ್ಡ ತೊಂದರೆಯಲ್ಲ. ಅದು ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿ, ಒಂದು ವರ್ಗದಲ್ಲಿ ಪಂಪ್‌ಸೆಟ್ ಮಾಡುವವನಿಗೂ ಇನ್ನೊಂದರಲ್ಲಿ ಬಟ್ಟೆ ಮಾರುವವನಿಗೂ ಒಂದೇ ಅಕ್ಷರಗಳನ್ನು ಹಂಚಿಕೊಡಬಲ್ಲದು, ದೇಶದಿಂದ ದೇಶಕ್ಕೆ ಬೇರೆ ಬೇರೆ ಒಡೆಯರನ್ನು ಒಪ್ಪಬಲ್ಲದು. ಡೊಮೇನ್ ವ್ಯವಸ್ಥೆಗೆ ಈ ಹಂಚಿಕೆ ಸಾಧ್ಯವಿಲ್ಲ. ಒಂದು ವಿಸ್ತರಣೆಯಡಿ ಒಂದು ಹೆಸರಿಗೆ ಒಬ್ಬನೇ ಒಡೆಯ, ಮತ್ತು ಆ ವಿಳಾಸ ಎಲ್ಲ ಊರುಗಳಿಂದಲೂ ಕಾಣುತ್ತದೆ. ಕಾಯಿದೆಯ ಲೋಕದಲ್ಲಿ ಪರಸ್ಪರ ಮುಖ ನೋಡದೆ ಬದುಕುತ್ತಿದ್ದವರೆಲ್ಲ ಬಂದು ಸೇರುವ ಇಕ್ಕಟ್ಟಿನ ಜಾಗವೆಂದರೆ ಹ್ರಸ್ವನಾಮದ ಡೊಮೇನ್.

ಕನ್ನಡಿಗರಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೇರಳದ ರಸ್ತೆ ಸಾರಿಗೆ ನಿಗಮ 1965ರಲ್ಲಿ ಸ್ಥಾಪನೆಯಾದಾಗಿನಿಂದ ಕೆಎಸ್‌ಆರ್‌ಟಿಸಿ. ನಮ್ಮ ನಿಗಮ ಮೈಸೂರು ರಾಜ್ಯದ ಹೆಸರಿನಲ್ಲಿದ್ದು, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಅದೇ ಐದಕ್ಷರಗಳಿಗೆ ಬಂತು. ದಶಕಗಳ ಕಾಲ ಎರಡೂ ನಿಗಮಗಳ ಬಸ್ಸುಗಳು ಬೆಂಗಳೂರಿನ ನಿಲ್ದಾಣದಲ್ಲಿ ಅಕ್ಕಪಕ್ಕ ನಿಂತರೂ ಯಾರಿಗೂ ಗೊಂದಲವಾಗಲಿಲ್ಲ, ಏಕೆಂದರೆ ಬಣ್ಣ, ಲಿಪಿ, ಫಲಕ ಎಲ್ಲವೂ ಬೇರೆ. ಮುಂಗಡ ಟಿಕೆಟ್ ಅಂತರ್ಜಾಲಕ್ಕೆ ಬಂದ ಕಾಲದಲ್ಲಿ ಪ್ರಯಾಣಿಕನ ಮುಂದೆ ಉಳಿದದ್ದು ಅಕ್ಷರಗಳು ಮಾತ್ರ. ಕೆಎಸ್‌ಆರ್‌ಟಿಸಿ ಡಾಟ್ ಇನ್ ಕರ್ನಾಟಕದ ಕೈಯಲ್ಲಿದೆ, ಕೇರಳದ ನಿಗಮ ತನ್ನ ವಿಳಾಸದಲ್ಲಿ ರಾಜ್ಯದ ಹೆಸರನ್ನು ಪೂರ್ಣವಾಗಿ ಬರೆದು ಅದರ ಮುಂದೆ ಆರ್‌ಟಿಸಿ ಸೇರಿಸಿಕೊಂಡಿತು. ಕರ್ನಾಟಕ 2013ರಲ್ಲಿ ಅರ್ಜಿ ಸಲ್ಲಿಸಿ ಆ ಅಕ್ಷರಗಳಿಗೂ ಗಂಡಭೇರುಂಡದ ಲಾಂಛನಕ್ಕೂ ನೋಂದಣಿ ಪಡೆಯಿತು, 2014ರಲ್ಲಿ ಕೇರಳಕ್ಕೆ ನೋಟಿಸ್ ಕೊಟ್ಟಿತು, ಕೇರಳ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯ ಮೆಟ್ಟಿಲೇರಿತು. 2021ರಲ್ಲಿ ಆ ಮಂಡಳಿಯೇ ರದ್ದಾಗಿ ಪ್ರಕರಣ ಮದರಾಸು ಹೈಕೋರ್ಟಿಗೆ ಹೋಯಿತು, 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಎರಡು ಸರ್ಕಾರಿ ನಿಗಮಗಳು, ಎರಡಕ್ಕೂ ಅರ್ಧ ಶತಮಾನದ ಬಳಕೆ, ಎರಡಕ್ಕೂ ಪ್ರಾಮಾಣಿಕವಾದ ಹೆಸರು. ಆದರೂ ಇತ್ಯರ್ಥಕ್ಕೆ ಒಂಬತ್ತು ವರ್ಷ. ಜೇನು ಮಾರುವ ಸಣ್ಣ ಗುಂಪು ಇಂಥ ಹಾದಿಯಲ್ಲಿ ಒಂಬತ್ತು ತಿಂಗಳೂ ನಡೆಯಲಾರದು.

ನೋಟಿಸ್ ಬಂದ ಸಂಜೆ ನಮ್ಮ ಅಧ್ಯಕ್ಷರು ಹೇಳಿದ್ದು ನೆನಪಿದೆ: ‘ತಮ್ಮಾ, ಇದು ನಮ್ಮ ಹೆಸರಿನ ಅಕ್ಷರ. ಯಾರದನ್ನೂ ಕದ್ದದ್ದಲ್ಲವಲ್ಲ.’ ಅವರ ಮಾತು ನಿಜ. ಆದರೆ ಆ ಮಾತಿಗೆ ಕಾನೂನಿನಲ್ಲಿ ಎಷ್ಟು ತೂಕವಿದೆ ಎಂಬುದನ್ನು ಸಿಫಿ ಪ್ರಕರಣದಿಂದ ತಿಳಿಯಬಹುದು, ಮತ್ತು ಆ ಪ್ರಕರಣ ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ ‘ಸಿಫಿ’ ಎಂಬ ಪದ ಕಟ್ಟಿ, 1999ರ ಜೂನ್‌ನಲ್ಲಿ ಆ ಪದವಿರುವ ಹಲವು ಡೊಮೇನ್‌ಗಳನ್ನು ನೋಂದಾಯಿಸಿಕೊಂಡಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚಿಗೆ ಸೇರಿಸಿ ‘ಸಿಫಿನೆಟ್’ ಎಂದು ವಿಳಾಸ ಪಡೆಯಿತು. ಇದು ನಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆದದ್ದು ಎಂಬುದು ಅದರ ವಾದ. ಸಿವಿಲ್ ನ್ಯಾಯಾಲಯ ಮೊದಲು ಬಳಸಿದವರ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಎರಡರ ವ್ಯಾಪಾರ ಬೇರೆ ಎಂದು ಕಂಡ ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಜಾರಿಗೆ ತಂದಿತು. ಡೊಮೇನ್ ಹೆಸರಿಗೆ ಟ್ರೇಡ್‌ಮಾರ್ಕಿನ ಲಕ್ಷಣಗಳೆಲ್ಲ ಇವೆ, ಅದಕ್ಕೆಂದೇ ಪ್ರತ್ಯೇಕ ಕಾಯಿದೆ ಇಲ್ಲದಿದ್ದರೂ 1999ರ ಟ್ರೇಡ್‌ಮಾರ್ಕ್ ಕಾಯಿದೆಯಡಿ ಪಾಸಿಂಗ್ ಆಫ್ ತತ್ವದಿಂದ, ಅಂದರೆ ಒಬ್ಬರ ಹೆಸರಿನ ನೆರಳಿನಲ್ಲಿ ಇನ್ನೊಬ್ಬರು ಸರಕು ಸಾಗಿಸಬಾರದೆಂಬ ತತ್ವದಿಂದ, ಅದನ್ನು ರಕ್ಷಿಸಬಹುದು ಎಂದು ಹೇಳಿದ ತೀರ್ಪು ಅದು.

ನಾನು ಆ ತೀರ್ಪಿನಿಂದ ಕಲಿತ ಮುಖ್ಯ ಸಂಗತಿ ಬೇರೆಯದು. ಮೊದಲಕ್ಷರಗಳ ಆ ವಿವರಣೆಯನ್ನು ನ್ಯಾಯಾಲಯ ನಂಬಲಿಲ್ಲ, ಮತ್ತು ನಂಬದಿರಲು ಒಂದು ಕಾರಣವೆಂದರೆ ಮೊದಲ ನೋಟಿಸಿಗೆ ಕೊಟ್ಟ ಉತ್ತರದಲ್ಲಿ ಆ ಕಂಪನಿ ಅದನ್ನು ಹೇಳಿಯೇ ಇರಲಿಲ್ಲ. ಹ್ರಸ್ವನಾಮ ಹುಟ್ಟಿದ ಬಗೆ ಎಷ್ಟೇ ನಿಜವಾಗಿದ್ದರೂ ಅದು ವಿವಾದಕ್ಕಿಂತ ಮೊದಲಿನ ದಿನಾಂಕದ ಕಾಗದದಲ್ಲಿ ಇರಬೇಕು, ನೋಟಿಸಿಗೆ ಕೊಡುವ ಮೊದಲ ಉತ್ತರದಲ್ಲೇ ಕಾಣಿಸಿಕೊಳ್ಳಬೇಕು. ನಮ್ಮ ಬಳಿ ಠರಾವು ಪುಸ್ತಕವಿತ್ತು. ಯಾವ ಸಭೆಯಲ್ಲಿ, ಯಾವ ನಾಲ್ಕು ಪದಗಳಿಂದ, ಯಾಕಾಗಿ ಆ ಅಕ್ಷರಗಳನ್ನು ತೆಗೆದೆವು ಎಂಬುದು ಹಾಜರಿದ್ದವರ ಸಹಿಯೊಂದಿಗೆ ಅದರಲ್ಲಿತ್ತು. ಎದುರು ಪಕ್ಷದ ಧ್ವನಿ ಮೃದುವಾದದ್ದು ಆ ಪುಟದ ನಕಲು ತಲುಪಿದ ಮೇಲೆಯೇ. ಗುಂಪಿನೊಳಗೆ ಇನ್ನೊಂದು ಸಲಹೆಯೂ ಬಂದಿತ್ತು: ಅವರಿಗೆ ಅಷ್ಟು ಬೇಕಿದ್ದರೆ ಐವತ್ತು ಸಾವಿರಕ್ಕೆ ಕೊಡೋಣ, ಲೇಬಲ್ಲಿನ ಖರ್ಚಾದರೂ ಹುಟ್ಟಲಿ. ಸದ್ಯ, ಹಾಗೆ ಬರೆಯುವ ಮುನ್ನ ಹುಬ್ಬಳ್ಳಿಯ ವಕೀಲರೊಬ್ಬರನ್ನು ಕೇಳಿದೆವು. ನೋಂದಣಿಗೆ ತಗಲಿದ ಖರ್ಚನ್ನು ಮೀರಿದ ಬೆಲೆಗೆ ಟ್ರೇಡ್‌ಮಾರ್ಕ್ ಒಡೆಯನಿಗೆ ಮಾರುವುದೇ ಹೆಸರು ಕೊಂಡ ಮುಖ್ಯ ಉದ್ದೇಶವಾಗಿದ್ದರೆ ಅದನ್ನು ವಿವಾದ ನೀತಿಗಳು ದುರುದ್ದೇಶವೆಂದು ಎಣಿಸುತ್ತವೆ. ಬೆಲೆ ಕೇಳಿ ಬರೆದ ನಮ್ಮದೇ ಪತ್ರ ನಮ್ಮ ಮೇಲಿನ ಸಾಕ್ಷಿಯಾಗುತ್ತಿತ್ತು ಎಂದು ಅವರು ವಿವರಿಸಿದರು.

ಇನ್ನು ಎರಡನೆಯ ಸೇವೆ: ಭಾರತದ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಶೋಧ. ಇದು ಉಚಿತ, ವಕೀಲರ ಅಗತ್ಯವಿಲ್ಲ, ಮನೆಯಲ್ಲೇ ಕುಳಿತು ನೋಡಬಹುದು. ಪದ ಶೋಧ, ಉಚ್ಚಾರಣೆಯ ಶೋಧ, ಚಿತ್ರಗಳಿಗೆ ವಿಯೆನ್ನಾ ಸಂಕೇತದ (ಲಾಂಛನದ ಚಿತ್ರಗಳನ್ನು ವಿಂಗಡಿಸುವ ಸಂಖ್ಯೆಗಳ) ಶೋಧ ಎಂಬ ಮೂರು ಬಗೆ ಇದರಲ್ಲಿವೆ. ಪದ ಶೋಧದಲ್ಲಿ ಆ ಅಕ್ಷರಗಳಿಂದ ಆರಂಭವಾಗುವ, ಅವುಗಳನ್ನು ಒಳಗೊಂಡಿರುವ, ಅವುಗಳಿಗೆ ಸರಿಹೊಂದುವ ಗುರುತುಗಳನ್ನು, ಅಂದರೆ ಟ್ರೇಡ್‌ಮಾರ್ಕ್‌ಗಳನ್ನು, ಬೇರೆ ಬೇರೆಯಾಗಿ ಕೇಳಬಹುದು. ಸಿಕ್ಕ ಪ್ರತಿ ದಾಖಲೆಯಲ್ಲಿ ಅರ್ಜಿದಾರರು ಯಾರು, ಯಾವ ಸರಕಿಗೆ, ಎಂದಿನಿಂದ ಬಳಕೆಯಲ್ಲಿದೆ, ಈಗಿನ ಸ್ಥಿತಿ ಏನು ಎಂಬ ವಿವರವಿರುತ್ತದೆ. ನೋಟಿಸ್ ಬಂದ ರಾತ್ರಿ ನಾನು 30ನೆಯ ವರ್ಗದಲ್ಲಿ ನಮ್ಮ ನಾಲ್ಕಕ್ಷರ ತುಂಬಿ ಹುಡುಕಿದೆ. ಜೇನು, ಕಾಫಿ, ಚಹಾ, ಮಸಾಲೆಗಳ ವರ್ಗ ಅದು. ಮೊದಲ ಪುಟದಲ್ಲೇ ಆ ಕಂಪನಿಯ ಗುರುತು ‘ನೋಂದಾಯಿತ’ ಎಂಬ ಸ್ಥಿತಿಯೊಂದಿಗೆ, ನಮ್ಮ ಗುಂಪು ಹುಟ್ಟುವುದಕ್ಕಿಂತ ಹಿಂದಿನ ಬಳಕೆಯ ದಿನಾಂಕದೊಂದಿಗೆ ಕಾಣಿಸಿತು. ಡೊಮೇನ್ ಕೊಳ್ಳುವ ದಿನ ಕಾಲು ಗಂಟೆ ವ್ಯಯಿಸಿದ್ದರೆ ಎರಡು ಸಾವಿರ ಲೇಬಲ್ ಉಳಿಯುತ್ತಿತ್ತು ಎಂಬ ಸಂಕಟ ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಈ ಸೇವೆಯನ್ನು ಹ್ರಸ್ವನಾಮಕ್ಕೆ ಬಳಸುವವರು ಗಮನಿಸಬೇಕಾದ ಸಂಗತಿಗಳಿವೆ. ಶೋಧ ವರ್ಗವಾರು ನಡೆಯುತ್ತದೆ, ಎಲ್ಲ ವರ್ಗಗಳನ್ನೂ ಒಂದೇ ಏಟಿಗೆ ತೋರಿಸುವುದಿಲ್ಲ. ನಮಗೆ 30 ಮಾತ್ರ ಸಾಲದು: ಜೇನುಮೇಣದ ಬತ್ತಿಗೆ 4, ಅಂತರ್ಜಾಲದ ಅಂಗಡಿಗೆ 35, ಸಾಕಣೆಯ ತರಬೇತಿಗೆ 41. ಇವನ್ನೆಲ್ಲ ಒಂದೊಂದಾಗಿ ನೋಡಬೇಕು, ಪ್ರತಿ ಸಲವೂ ಬಿಡಿಸಿ ಬರೆದ, ಚುಕ್ಕಿ ಇಟ್ಟ, ಕೂಡಿಸಿ ಬರೆದ ರೂಪಗಳನ್ನು ಪ್ರಯತ್ನಿಸಬೇಕು. ಉಚ್ಚಾರಣೆಯ ಶೋಧವನ್ನು ಬಿಡಲೇಬಾರದು, ಏಕೆಂದರೆ ಸಿಫಿ ಪ್ರಕರಣದಲ್ಲಿ ಕಣ್ಣಿಗೆ ಕಾಣುವ ಹೋಲಿಕೆಯಷ್ಟೇ ಕಿವಿಗೆ ಕೇಳುವ ಹೋಲಿಕೆಯೂ ಲೆಕ್ಕಕ್ಕೆ ಬಂದಿತ್ತು. ಹ್ರಸ್ವನಾಮವನ್ನು ಜನ ಅಕ್ಷರ ಅಕ್ಷರವಾಗಿ ಹೇಳುತ್ತಾರೋ, ಒಂದು ಪದದಂತೆ ಉಚ್ಚರಿಸುತ್ತಾರೋ ಎಂಬುದನ್ನು ಯೋಚಿಸಿ ಎರಡೂ ಬಗೆಯಲ್ಲಿ ಹುಡುಕುವುದು ಒಳ್ಳೆಯದು. ‘ಆಕ್ಷೇಪಿತ’, ‘ವಿರೋಧಿತ’ ಎಂಬ ಸ್ಥಿತಿಯ ಅರ್ಜಿಗಳನ್ನೂ ಕಡೆಗಣಿಸಬಾರದು, ಅವು ಇನ್ನೂ ಜೀವಂತವಾಗಿರುವ ಹಕ್ಕೊತ್ತಾಯಗಳು.

ಈ ಸೇವೆ ತೋರಿಸಲಾರದ್ದೂ ಇದೆ, ಅದು ಸೇವೆಯ ದೋಷವಲ್ಲ, ಕಾನೂನಿನ ಸ್ವರೂಪ. ಅರ್ಜಿಯನ್ನೇ ಹಾಕದೆ ಮೂವತ್ತು ವರ್ಷದಿಂದ ಆ ಅಕ್ಷರಗಳನ್ನು ಬಳಸುತ್ತಿರುವ ಅಂಗಡಿ ಈ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೂ ಪಾಸಿಂಗ್ ಆಫ್ ದಾವೆ ಹೂಡುವ ಹಕ್ಕು ಅದಕ್ಕಿದೆ. ಕಾಯಿದೆಯ 34ನೆಯ ಕಲಮು ಮೊದಲಿನಿಂದ ಬಳಸುತ್ತಿರುವವರನ್ನು ನೋಂದಾಯಿತ ಒಡೆಯನ ಎದುರಿಗೂ ಕಾಪಾಡುತ್ತದೆ. 29ನೆಯ ಕಲಮಿನ ಪ್ರಕಾರ ದೇಶದಲ್ಲಿ ಹೆಸರುವಾಸಿಯಾದ ಗುರುತನ್ನು ಸಂಬಂಧವಿಲ್ಲದ ಸರಕಿಗೂ ಅನ್ಯಾಯವಾಗಿ ಬಳಸುವಂತಿಲ್ಲ. ಎಸ್‌ಬಿಐ, ಎಲ್‌ಐಸಿ, ಐಬಿಎಂ ತರಹದ ಅಕ್ಷರಗಳನ್ನು ‘ನಮ್ಮ ವರ್ಗ ಬೇರೆ’ ಎಂದು ಮುಟ್ಟುವುದು ತಪ್ಪು. ವಿಶ್ವಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಗಳಂಥವುಗಳ ಹೆಸರು ಮತ್ತು ಲಾಂಛನಗಳಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆಯ ರಕ್ಷಣೆ ಬೇರೆಯೇ ಇದೆ. ಹೊರದೇಶದಲ್ಲಿ ಗಿರಾಕಿಗಳಿರುವವರು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಜಾಗತಿಕ ಗುರುತುಗಳ ಭಂಡಾರವನ್ನೂ ನೋಡಬೇಕು. ಭಾರತ 2013ರಲ್ಲಿ ಮ್ಯಾಡ್ರಿಡ್ ಒಪ್ಪಂದದ ವ್ಯವಸ್ಥೆಗೆ ಸೇರಿದ್ದರಿಂದ ಹೊರಗಿನ ಕಂಪನಿ ಅಲ್ಲಿಂದಲೇ ಭಾರತವನ್ನು ಹೆಸರಿಸಿ ಇಲ್ಲಿ ಹಕ್ಕು ಪಡೆಯಬಹುದು.

ಡಾಟ್ ಇನ್ ಕೊಳ್ಳುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಡಾಟ್ ಕಾಮ್‌ಗೆ ಅನ್ವಯಿಸುವ ಯುಡಿಆರ್‌ಪಿಯಲ್ಲಿ ದೂರುದಾರ ಮೂರನ್ನು ಸಾಬೀತುಪಡಿಸಬೇಕು: ಹೆಸರು ತನ್ನ ಗುರುತಿಗೆ ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆ, ಒಡೆಯನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತಾಸಕ್ತಿ ಇಲ್ಲ, ಅದನ್ನು ದುರುದ್ದೇಶದಿಂದ ನೋಂದಾಯಿಸಲಾಗಿದೆ ಮತ್ತು ದುರುದ್ದೇಶದಿಂದ ಬಳಸಲಾಗುತ್ತಿದೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ನಿಕ್ಸಿ ನಡೆಸುವ ಡಾಟ್ ಇನ್ ವಿವಾದ ನೀತಿ, ಅಂದರೆ ಐಎನ್‌ಡಿಆರ್‌ಪಿ, ಮೊದಲ ಎರಡರಲ್ಲಿ ಹೆಚ್ಚುಕಡಿಮೆ ಹೀಗೆಯೇ ಇದ್ದು, ಮೂರನೆಯದರಲ್ಲಿ ‘ಮತ್ತು’ ಎಂಬಲ್ಲಿ ‘ಅಥವಾ’ ಎನ್ನುತ್ತದೆ. ನೋಂದಣಿಯ ದಿನ ನಮ್ಮ ಮನಸ್ಸು ಶುದ್ಧವಾಗಿತ್ತು ಎಂದು ಠರಾವು ಪುಸ್ತಕ ತೋರಿಸಬಹುದು, ಆದರೆ ಆಮೇಲಿನ ಬಳಕೆ ತಪ್ಪೆಂದು ಕಂಡರೆ ಅಷ್ಟೇ ಸಾಕಾಗುತ್ತದೆ. ನಮ್ಮ ಅರಿವಿಲ್ಲದೆ ಕೂತಿದ್ದ ಆ ಜಾಹೀರಾತಿನ ಪುಟ ಡಾಟ್ ಕಾಮ್‌ಗಿಂತ ಡಾಟ್ ಇನ್‌ನಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಈ ಒಂದು ಪದದಿಂದ. ಯುಡಿಆರ್‌ಪಿಯಡಿ ಸೋತರೆ ಹೆಸರು ರದ್ದಾಗುತ್ತದೆ ಇಲ್ಲವೇ ವರ್ಗಾವಣೆಯಾಗುತ್ತದೆ, ಪರಿಹಾರದ ಹಣ ಕೊಡಬೇಕಾಗಿಲ್ಲ. ಐಎನ್‌ಡಿಆರ್‌ಪಿಯಲ್ಲಿ ಮಧ್ಯಸ್ಥಗಾರರು ವೆಚ್ಚವನ್ನೂ ಹೊರಿಸಬಹುದು. ಸಿವಿಲ್ ನ್ಯಾಯಾಲಯದ ಬಾಗಿಲು ಎರಡರಲ್ಲೂ ತೆರೆದೇ ಇರುತ್ತದೆ, ಮತ್ತು ಅಲ್ಲಿ ನೋಂದಾಯಿತ ಗುರುತಿನ ಉಲ್ಲಂಘನೆಗೆ ದುರುದ್ದೇಶ ಇರಲೇಬೇಕೆಂದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ಮಂಡಳಿಗಳು ಹ್ರಸ್ವನಾಮದ ಒಡೆಯರ ವಿರೋಧಿಗಳಲ್ಲ. ಎರಡು ಮೂರು ಅಕ್ಷರಗಳ ಹೆಸರಿಗೆ ಯಾರದೇ ಟ್ರೇಡ್‌ಮಾರ್ಕಿನ ಹಂಗಿಲ್ಲದ ಸ್ವಂತ ಬೆಲೆ ಇದೆಯೆಂದು ಅವು ಹಲವು ಬಾರಿ ಒಪ್ಪಿವೆ, ದೂರುದಾರನನ್ನೇ ಗುರಿಯಾಗಿಸಿ ಹೆಸರು ಕೊಂಡದ್ದಕ್ಕೆ ಆಧಾರ ಕೇಳುತ್ತವೆ. ನೋಟಿಸ್ ಬರುವ ಮೊದಲೇ ಪ್ರಾಮಾಣಿಕ ವ್ಯಾಪಾರಕ್ಕೆ ಸಿದ್ಧತೆ ನಡೆಸಿದವರಿಗೆ, ಆ ಹೆಸರಿನಿಂದಲೇ ಊರಲ್ಲಿ ಗುರುತಾದವರಿಗೆ ರಕ್ಷಣೆ ಇದೆ. ನಮ್ಮ ಸರಕು ಬೇರೆ ವರ್ಗದ್ದಾಗಿದ್ದರೆ ನಾವು ಹೋರಾಡಬಹುದಿತ್ತು ಎಂದು ವಕೀಲರು ಹೇಳಿದರು. ಅದೇ ವರ್ಗದ ಅದೇ ಸರಕಿಗೆ ಅದೇ ಅಕ್ಷರಗಳಾದ್ದರಿಂದ ನಮ್ಮ ದಾರಿ ಮುಚ್ಚಿತ್ತು.

ಹೋರಾಡಿದವರ ಗತಿಯನ್ನು ನೋಡಬೇಕೆಂದರೆ ಡಬ್ಲ್ಯೂಡಬ್ಲ್ಯೂಎಫ್ ಪ್ರಸಂಗವಿದೆ. 1961ರಲ್ಲಿ ಹುಟ್ಟಿದ ವನ್ಯಜೀವಿ ನಿಧಿಗೂ ಅಮೆರಿಕದ ಕುಸ್ತಿ ಪ್ರದರ್ಶನದ ಕಂಪನಿಗೂ ಈ ಮೂರಕ್ಷರ ಸಮಾನವಾಗಿತ್ತು. ಕುಸ್ತಿ ಕಂಪನಿ ಅವುಗಳ ಬಳಕೆಯನ್ನು ಮಿತಿಗೊಳಿಸುವುದಾಗಿ 1994ರಲ್ಲಿ ಕರಾರು ಬರೆದುಕೊಟ್ಟಿತು, 1997ರಲ್ಲಿ ಅದೇ ಅಕ್ಷರಗಳ ಡಾಟ್ ಕಾಮ್ ತಾಣ ತೆರೆಯಿತು. ವನ್ಯಜೀವಿ ನಿಧಿ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಗಿ 2001ರಲ್ಲಿ ಗೆದ್ದಿತು, 2002ರ ಆರಂಭದಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು, ಅದೇ ಮೇ ತಿಂಗಳಲ್ಲಿ ಕುಸ್ತಿ ಕಂಪನಿ ತನ್ನ ಹೆಸರನ್ನೇ ಡಬ್ಲ್ಯೂಡಬ್ಲ್ಯೂಇ ಎಂದು ಬದಲಿಸಿಕೊಂಡಿತು. ಯುಡಿಆರ್‌ಪಿಯಡಿ ತೀರ್ಪಾದ ಮೊದಲ ಪ್ರಕರಣದ ದೂರುದಾರ ಕೂಡ ಇದೇ ಕುಸ್ತಿ ಕಂಪನಿ. ತನ್ನ ಪೂರ್ಣ ಹೆಸರಿನ ಡೊಮೇನನ್ನು ಬೇರೊಬ್ಬರಿಂದ 2000ದ ಜನವರಿಯಲ್ಲಿ ಅದು ಗೆದ್ದುಕೊಂಡಿತ್ತು. ಪೂರ್ಣ ಹೆಸರಿನ ಮೇಲೆ ಅದಕ್ಕಿದ್ದ ಹಿಡಿತ ಮೊದಲಕ್ಷರಗಳ ಮೇಲೆ ಇರಲಿಲ್ಲ.

ನೋಂದಣಿ ಕಂಪನಿಗಳಿಗೆ ನನ್ನ ಬೇಡಿಕೆ ಅಸಾಧ್ಯವಾದದ್ದಲ್ಲ. 2013ರ ನಂತರ ಬಂದ ಹೊಸ ವಿಸ್ತರಣೆಗಳಲ್ಲಿ ಮಾರಾಟ ತೆರೆದ ಮೊದಲ 90 ದಿನ, ಟ್ರೇಡ್‌ಮಾರ್ಕ್ ಕ್ಲಿಯರಿಂಗ್‌ಹೌಸ್ ಎಂಬ ಗುರುತುಗಳ ಭಂಡಾರದಲ್ಲಿ ದಾಖಲಾದ ಗುರುತಿಗೆ ಸರಿಹೊಂದುವ ಹೆಸರನ್ನು ಕೇಳಿದವರಿಗೆ ಎಚ್ಚರಿಕೆಯ ಪುಟ ತೋರಿಸುವ ನಿಯಮವಿದೆ. ಅದನ್ನು ಓದಿ ಒಪ್ಪಿದ ಮೇಲೆಯೇ ನೋಂದಣಿ ಮುಂದುವರಿಯುತ್ತದೆ. ಡಾಟ್ ಕಾಮ್, ಡಾಟ್ ಇನ್ ಕೊಳ್ಳುವ ಸಾಮಾನ್ಯ ಗಿರಾಕಿಗೆ ಅಂಥ ಪುಟ ಎದುರಾಗುವುದಿಲ್ಲ. ಐದಕ್ಷರಕ್ಕಿಂತ ಚಿಕ್ಕ ಹೆಸರನ್ನು ಕೇಳಿದಾಗ ‘ಇದು ಯಾರದಾದರೂ ಟ್ರೇಡ್‌ಮಾರ್ಕ್ ಆಗಿರಬಹುದು, ಇಲ್ಲಿ ನೋಡಿ’ ಎಂಬ ಒಂದು ಸಾಲನ್ನು ಸಾರ್ವಜನಿಕ ಶೋಧದ ಕೊಂಡಿಯೊಂದಿಗೆ ತೋರಿಸಿದರೆ ಸಾಕು. ಅದೇ ಪುಟದಲ್ಲಿ ಹೆಚ್ಚುವರಿ ವಿಸ್ತರಣೆ, ಮಿಂಚಂಚೆ, ಭದ್ರತೆಯ ಹೊದಿಕೆ ಎಂದು ನಾಲ್ಕಾರು ಸೇವೆಗಳನ್ನು ಮಾರುವವರಿಗೆ ಇನ್ನೊಂದು ಸಾಲಿಗೆ ಜಾಗವಿಲ್ಲವೆಂದು ನಾನು ಒಪ್ಪುವುದಿಲ್ಲ. ತಾಂತ್ರಿಕ ಸೇವೆಗೆ ಐದಕ್ಕೆ ಐದು ಕೊಟ್ಟ ನಾನು ಈ ಕಾರಣಕ್ಕೆ ಒಟ್ಟು ಅಂಕವನ್ನು ಎರಡೂವರೆಗೆ ಇಳಿಸಿದ್ದೇನೆ. ಸಾರ್ವಜನಿಕ ಶೋಧಕ್ಕೆ ನಾಲ್ಕು. ವರ್ಗಗಳನ್ನು ಸರಳ ಕನ್ನಡದಲ್ಲಿ ವಿವರಿಸುವ ಒಂದು ಪುಟ ಸೇರಿದರೆ ಹಳ್ಳಿಯ ಸಂಘಗಳೂ ಇದನ್ನು ತಾವೇ ಬಳಸಬಹುದು.

ನಮ್ಮ ಪ್ರಕರಣದಲ್ಲಿ ಎದುರು ಪಕ್ಷದವರು ಅಚ್ಚಾಗಿದ್ದ ಲೇಬಲ್ಲಿನ ಸೀಸೆಗಳನ್ನು ಮಾರಿ ಮುಗಿಸಲು ಮೂರು ತಿಂಗಳು ಕೊಟ್ಟರು, ನಾವು ಹಣ ಕೇಳದೆ ಡೊಮೇನನ್ನು ವರ್ಗಾಯಿಸಿದೆವು. ಹೊಸ ಹೆಸರಿಗೆ ಮೊದಲಕ್ಷರಗಳ ಮೋಹ ಬಿಟ್ಟು, ತುಡುವೆ ಜೇನಿಗೆ ನಮ್ಮ ಕಡೆ ಇರುವ ಹಳೆಯ ಮಾತೊಂದಕ್ಕೆ ಊರಿನ ಹೆಸರನ್ನು ಸೇರಿಸಿದೆವು. ಈ ಸಲ ಮೊದಲು ನಾಲ್ಕೂ ವರ್ಗಗಳಲ್ಲಿ ಶೋಧ, ಆಮೇಲೆ ವಕೀಲರಿಂದ ಒಂದು ಲಿಖಿತ ಅಭಿಪ್ರಾಯ, ಅದಾದ ಮೇಲೆ ಡೊಮೇನ್, ಎಲ್ಲಕ್ಕೂ ಕೊನೆಗೆ ಲೇಬಲ್. 30ನೆಯ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಅಂತರ್ಜಾಲದಲ್ಲೇ ಸಲ್ಲಿಸಿದ್ದೇವೆ. ವ್ಯಕ್ತಿಗಳು, ಸ್ಟಾರ್ಟಪ್‌ಗಳು ಹಾಗೂ ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಅಂಗೀಕಾರವಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದರೆ, ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಆ ಅವಧಿ ಮುಗಿಯುವವರೆಗೆ ಒಮ್ಮೆಗೆ ಇನ್ನೂರಕ್ಕಿಂತ ಹೆಚ್ಚು ಲೇಬಲ್ ಅಚ್ಚು ಹಾಕಿಸಬಾರದೆಂದು ಕಳೆದ ಸಭೆಯಲ್ಲಿ ಠರಾವಾಗಿದೆ.